ಎರಡನೇ ಸಲ ಬಂದ ಸದ್ದು

ಟಪ್.

ನಡುರಾತ್ರಿ. ಸದ್ದು ಬಂದದ್ದು ನನ್ನ ಕೋಣೆಯ ಕೆಳಗಿನ ನೆಲಮಾಳಿಗೆಯಿಂದ. ನಾನು ಟ್ಯೂಷನ್ ಮಾಡುವುದು ಅಲ್ಲೇ. ಬೆಳಿಗ್ಗೆ ನೋಡಿದರೆ ಸೂರು ಹೊತ್ತ ಕಬ್ಬಿಣದ ಬೀಮಿನ ಕೆಳಗೆ, ಮಕ್ಕಳು ಕೂರುವ ಚಾಪೆಯ ಮೇಲೆ ಅಂಗೈಯಗಲದ ತುಕ್ಕಿನ ಚೂರು.

"ಇಲಿ ಕೆಡವಿರಬೇಕು ಬಿಡವ್ವ," ಅಂದರು ಮನೆ ಓನರ್ ನಿರ್ಮಲಮ್ಮ. "ಪ್ರತಿ ಆಯುಧಪೂಜೆಗೂ ಬೀಮಿಗೆ ಪೇಂಟ್ ಹೊಡೆಸ್ತೀನಿ. ನಿಂಗೆ ಎಲ್ಲಾದಕ್ಕೂ ಹೆದರಿಕೆ."

ಎಲ್ಲರೂ ಹೇಳುವುದು ಅದನ್ನೇ. ನನ್ನ ಕಾಟ ತಾಳಲಾರದೆ ನಿರ್ಮಲಮ್ಮ ಹರಿಹರದಿಂದ ಕರೆಸಿದ ವೆಲ್ಡರ್ ಅಂಜನಕುಮಾರ ಮಾತ್ರ ನಗಲಿಲ್ಲ.

"ಎಷ್ಟು ಸಲ ಕೇಳ್ಸೈತ್ರಿ ಟೀಚರ್?"

"ಮೂರು ಸಲ."

"ಹಂಗಾದ್ರೆ ಮೂರು ಸಲ ಉದುರೈತೆ."

ಸುತ್ತಿಗೆಯಿಂದ ಬೀಮಿನ ನಡುವೆ ಬಡಿದ. ಠಣ್ ಅಂತು. ಗೋಡೆಯೊಳಗೆ ಹೋಗುವ ತುದಿಗೆ ಬಡಿದ. ಡಬ್.

"ಅಲ್ಲಿ ಇನ್ನೂ ದಪ್ಪ ಐತಲ್ರಿ?"

"ತುಕ್ಕು ಉಬ್ಬಿರೋದು ಅದು. ಮಣ್ಣಿನ ಹಸಿ ಗೋಡೇಲಿ ಜಿನುಗಿ ಕಬ್ಬಿಣ ತಿಂದೈತೆ. ಪೇಂಟ್ ಬರೀ ಮುಚ್ಚೈತೆ. ನೋಡಾಕೆ ದಪ್ಪ, ಒಳಗೆ ಉಕ್ಕು ರಟ್ಟಿನಷ್ಟೂ ಉಳಿದಿಲ್ಲ." ನನ್ನ ಕಡೆ ತಿರುಗಿದ. "ನೀವು ಹೆದರಿದ್ದು ಒಳ್ಳೇದಾತು."

ನನ್ನ ಹೆದರಿಕೆಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಕಿವಿ ಬಿಸಿಯಾಯಿತು.

ಆ ದಿನವೇ ಮಕ್ಕಳನ್ನು ಹೊರಗೆ ಅಂಗಳದಲ್ಲಿ ಕೂರಿಸಿದೆ. ಅವನು ಸೂರಿಗೆ ಜಾಕಿನ ಆಸರೆ ಕೊಟ್ಟು, ಹಳೆಯದನ್ನು ಇಳಿಸಿ, ಹೊಸ ಬೀಮ್ ಕೂರಿಸಲು ಹತ್ತು ದಿನ ಹಿಡಿಯಿತು. ಚಹಾ ಒಯ್ದರೆ ಕಪ್ಪು ಕನ್ನಡಕ ತೆಗೆಯುತ್ತಲೇ ಇರಲಿಲ್ಲ.

"ಈಗ ವೆಲ್ಡಿಂಗ್ ಎಲ್ಲೈತ್ರಿ?"

"ಬರಿಗಣ್ಣಲ್ಲಿ ನೋಡಿದ್ರೆ ಕಣ್ಣಿಗೆ ಹೊಡಿತೈತ್ರಿ," ಅಂದ, ನನ್ನನ್ನೇ ನೋಡುತ್ತ.

ಹನ್ನೊಂದನೆಯ ದಿನ ಅವನು ಬರಲಿಲ್ಲ. ಕೆಲಸ ಮುಗಿದಿತ್ತು. ನಾಲ್ಕು ದಿನ ತಡೆದೆ. ಐದನೆಯ ದಿನ ಫೋನ್ ಮಾಡಿದೆ.

"ಮತ್ತೆ ಸದ್ದು ಬಂತು."

ನನ್ನ ಮಾತು ನಂಬಿದ ಒಬ್ಬನೇ ಒಬ್ಬನಿಗೆ ಸುಳ್ಳು ಹೇಳಿದ್ದೆ.

ಮುಕ್ಕಾಲು ಗಂಟೆಯಲ್ಲಿ ಬಂದ. ಬೀಮಿನ ಉದ್ದಕ್ಕೂ ಬಡಿದ. ಠಣ್, ಠಣ್, ಠಣ್. ಸುತ್ತಿಗೆ ಕೆಳಗಿಟ್ಟ. ನನಗೆ ತಡೆಯಲಾಗಲಿಲ್ಲ.

"ಸದ್ದು ಬಂದಿಲ್ಲ. ನೀವು ಬರ್ಲಿ ಅಂತ ಹೇಳ್ದೆ. ಇನ್ಮೇಲೆ ನನ್ನ ಮಾತು ನಂಬಬ್ಯಾಡ್ರಿ."

"ಫೋನಲ್ಲೇ ಗೊತ್ತಾತು ಟೀಚರ್. ಬೀಮ್ ನೋಡಾಕೆ ಯಾರಾದ್ರೂ ಇಸ್ತ್ರಿ ಶರ್ಟ್ ಹಾಕ್ಕೊಂಡು ಬರ್ತಾರೇನ್ರಿ?"

ಆಗ ನೋಡಿದೆ. ತಿಳಿನೀಲಿ ಶರ್ಟು, ತೋಳಿನ ಮಡಿಕೆ ಇನ್ನೂ ಕೆಟ್ಟಿರಲಿಲ್ಲ. ಅವನ ಬೆರಳು ನನ್ನ ಬೆರಳಿಗೆ ತಾಕಿತು. ಇಬ್ಬರೂ ಕೈ ಸರಿಸಲಿಲ್ಲ.

"ಏನಾತಪ್ಪ, ಮತ್ತೆ ಹೋತಾ ಬೀಮು?" ಮೆಟ್ಟಿಲ ಮೇಲಿಂದ ನಿರ್ಮಲಮ್ಮ.

"ಗಟ್ಟಿ ಐತ್ರಮ್ಮ. ಆದ್ರೂ ವಾರಕ್ಕೊಮ್ಮೆ ಬಂದು ನೋಡ್ತೀನಿ."

"ಅಯ್ಯ, ಇವಳ ಹೆದರಿಕೆ ನಿಂಗೂ ಅಂಟ್ತಾ!"

ಅವರು ನಕ್ಕರು. ನಗಲಿ. ನಾನು ಯಾಕೆ ಫೋನ್ ಮಾಡಿದೆ ಅನ್ನುವುದನ್ನು ಅವನ ಹೊರತು ಇನ್ಯಾರಿಗೂ ಹೇಳಬಾರದು ಅಂತ ಆ ಬೀಮಿನ ಕೆಳಗೇ ನಿರ್ಧರಿಸಿದೆ.