ಹದಿನೆಂಟನೆಯ ಟರ್ನರ್

"ಆಗಲ್ಲ ಅಂತ ಹೇಳಿ ಕಳಿಸಿ," ಎಂದ ಮಹೇಶ್ವರ, ಕಾಗದದಿಂದ ಕಣ್ಣೆತ್ತದೆ.

ಸೌದಾಮಿನಿ ಹಾಗೆ ಹೇಳಲಿಲ್ಲ. ಮೇಜಿನೆದುರು ನಿಂತಿದ್ದ ಔಸೇಪ್‌ಗೆ, ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತಿರಿ ಎಂದು ಮಲಯಾಳದಲ್ಲಿ ತಿಳಿಸಿದಳು.

1958ರ ಸೆಪ್ಟೆಂಬರ್. ಕಳಮಶ್ಶೇರಿಯ ಆ ಪಂಪು ಕಾರ್ಖಾನೆಯಲ್ಲಿ ಎಂಟು ಲೇತುಗಳಿದ್ದವು. ನಡೆಸಬಲ್ಲ ಟರ್ನರುಗಳು ಮೂವರೇ. ಉಳಿದ ಐದು ಯಂತ್ರಗಳು ಗೋಣಿ ಹೊದ್ದು ಕೂತಿದ್ದವು. ತಿಂಗಳೊಳಗೆ ಕೆಲಸಗಾರರು ಸಿಗದಿದ್ದರೆ ಅವನ್ನು ಕೊಯಮತ್ತೂರಿಗೆ ಸಾಗಿಸುವುದಾಗಿ ಮಾಲೀಕರು ಬರೆದಿದ್ದರು. ಯಂತ್ರಗಳ ಜತೆ ಫೋರ್‌ಮನ್ ಮಹೇಶ್ವರನೂ ಹೋಗಬೇಕು. ಆ ಪತ್ರವನ್ನು ಕಡತಕ್ಕೆ ಸೇರಿಸಿದವಳು ಟೈಪಿಸ್ಟ್ ಸೌದಾಮಿನಿಯೇ. ಅವನು ಹೊರಟುಹೋದರೆ ತನಗೇನಾದೀತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಅವನಿಗಂತೂ ಇಲ್ಲವೇ ಇಲ್ಲ.

ಮೈಸೂರಿನ ಅವನಿಗೆ ಮಲಯಾಳ ಬಾರದು. ಹಾಗಾಗಿ ಸಂದರ್ಶನಗಳಿಗೆ ಕಾಸರಗೋಡಿನ ಅವಳೇ ದುಭಾಷಿ.

"ಇವರು ಹದಿನೆಂಟನೆಯವರು ಮಾರಾಯ್ರೆ. ಹದಿನೆಂಟು ಜನಕ್ಕೂ ಕೆಲಸ ಬರುವುದಿಲ್ವಾ?"

"ಅಳತೆ ಕೇಳಿದ್ರೆ ಅರ್ಧ ನೂಲು ಅಂತಾರೆ. ಅಂದ್ರೆ ಅಂಗುಲದ ಹದಿನಾರನೇ ಒಂದು ಭಾಗ! ನನಗೆ ಬೇಕಿರೋದು ಸಾವಿರದಲ್ಲೊಂದು ಭಾಗ, ರೀ."

"ಮಟ್ಟಾಂಚೇರಿಯಲ್ಲಿ ಹತ್ತು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದವರು. ಬೋಟುಗಳೆಲ್ಲ ಮುಳುಗಿದ್ವಾ?"

ಅವನ ಮೀಸೆಯ ಒಂದು ತುದಿ ಮಾತ್ರ ಅಲುಗಿತು. ಅದನ್ನು ನೋಡಬಾರದೆಂದು ಅವಳು ಪೆನ್ಸಿಲ್ಲಿನ ಮೊನೆ ನೋಡಿದಳು.

"ನೀವು ಮೊದಲು ಪ್ರಶ್ನೆ ಕೇಳ್ತೀರಿ. ತಪ್ಪಿದವರನ್ನು ಲೇತಿನ ಹತ್ತಿರಕ್ಕೇ ಬಿಡುವುದಿಲ್ಲ. ರಿಪೇರಿಯವರಿಗೆ ನಕ್ಷೆ ಯಾರು ಕೊಡ್ತಾರೆ? ಹಳೇ ಬುಶ್ ಕೈಗೆ ಬರ್ತದೆ, ಆ ಲೋಹದ ಬಳೆಯೊಳಗೆ ಕೂರುವ ಹಾಗೆ ಶಾಫ್ಟ್ ಕಡೀಬೇಕು. ಇವರಿಗೂ ಬುಶ್ ಕೊಟ್ಟು ನೋಡಿ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಇವತ್ತು ಬೆಳಿಗ್ಗೆ ಅವರೇ ಜಗಲಿಯಲ್ಲಿ ಹೇಳಿದ್ದು. ನೀವು ಯಾರ ಹತ್ತಿರವೂ ಕೇಳಲಿಲ್ಲವಲ್ಲ."

ಮಹೇಶ್ವರ ಎದ್ದು ಒಂದು ಬುಶ್ ತಂದ.

ಔಸೇಪ್ ಮುಂಡು ಎತ್ತಿಕಟ್ಟಿ ಲೇತಿನ ಮುಂದೆ ನಿಂತರು. ಕಬ್ಬಿಣದ ಸುರುಳಿಗಳು ಕಾಲ ಬಳಿ ಬಿದ್ದವು. ಮುಕ್ಕಾಲು ಗಂಟೆಯ ಮೇಲೆ ಶಾಫ್ಟನ್ನು ಒರೆಸಿ ಬುಶ್‌ನೊಳಗೆ ಹೆಬ್ಬೆರಳಿನಿಂದ ತಳ್ಳಿದರು. ಅದು ಅಲುಗಾಡದೆ, ಎಲ್ಲೂ ಹಿಡಿಯದೆ ಜಾರಿತು. ಮಹೇಶ್ವರ ಮೈಕ್ರೋಮೀಟರಿನಿಂದ ಮೂರು ಕಡೆ ಅಳೆದ. ನಂಬದೆ ಇನ್ನೊಮ್ಮೆ ಅಳೆದ. ಅಂಗುಲದ ಸಾವಿರದಲ್ಲೊಂದು ಭಾಗದಷ್ಟೂ ವ್ಯತ್ಯಾಸವಿರಲಿಲ್ಲ.

"ಹೇಗೆ ಗೊತ್ತಾಯ್ತು, ಕೇಳಿ."

"ವಿರಲ್ ಪರಯುಂ, ಸಾರೇ," ಎಂದು ಔಸೇಪ್ ನಕ್ಕರು.

"ಬೆರಳು ಹೇಳ್ತದಂತೆ," ಎಂದಳು ಸೌದಾಮಿನಿ.

ಅವನು ತಲೆಯೆತ್ತಿ ಅವಳನ್ನು ನೋಡಿದ. ಇಷ್ಟು ದಿನ ಬೇಗ ಹಿಂದಕ್ಕೆ ಸರಿಯುತ್ತಿದ್ದ ನೋಟ, ಈ ಸಲ ಸರಿಯಲಿಲ್ಲ.

ಔಸೇಪ್‌ಗೆ ಅಂದೇ ಕೆಲಸ ಸಿಕ್ಕಿತು. ಮೊದಲು ತಿರಸ್ಕರಿಸಿದ್ದ ಹದಿನೇಳು ಮಂದಿಗೂ ಅಂಚೆ ಕಾರ್ಡು ಹೋಯಿತು. ಹನ್ನೊಂದು ಮಂದಿ ಬಂದರು, ಬುಶ್ ಪರೀಕ್ಷೆಯಲ್ಲಿ ನಾಲ್ವರು ಗೆದ್ದರು. ಮೈಕ್ರೋಮೀಟರ್ ಹಿಡಿಯುವುದನ್ನು ಮಹೇಶ್ವರನೇ ಕಲಿಸಿದ. ತಿಂಗಳ ಕೊನೆಗೆ ಎಂಟೂ ಲೇತುಗಳು ಓಡುತ್ತಿದ್ದವು. ಯಂತ್ರಗಳು ಇಲ್ಲೇ ಇರಲೆಂದು ಮಾಲೀಕರ ತಂತಿ ಬಂತು.

ತಂತಿ ಓದಿದ ಸೌದಾಮಿನಿ ಉಸಿರುಬಿಟ್ಟು ಕುರ್ಚಿಗೆ ಒರಗಿದಳು. "ಅಬ್ಬ! ಈಗ ಸಮಾಧಾನವಾಯಿತು."

"ಪಂಪುಗಳ ಚಿಂತೆ ತೀರಿತು ಅಂತಲೇ?"

"ಪಂಪು ಎಂತಕ್ಕೆ? ನೀವು ಹೋಗುವುದಿಲ್ಲ ಅಂತ."

ಆಡಿಬಿಟ್ಟ ಮೇಲೆ ಅವಳ ಕಿವಿಗಳು ಕೆಂಪಾದವು. ಅವನು ಶಾಯಿ ಕುಡಿಕೆಯ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

"ಹೋಗೋ ಹಾಗಾದ್ರೆ ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ."

"ಹೋಗದಿದ್ದರೆ ಕೇಳುವುದಿಲ್ವಾ?"

ಕೇಳಿದ. ಅವಳು ತಲೆ ತಗ್ಗಿಸದೆಯೇ ಹೂಂ ಎಂದಳು.

"ಇನ್ನು ನನ್ನ ಅಣ್ಣ ಸುಬ್ರಾಯನನ್ನು ಕೇಳಬೇಕು. ತಿರುವನಂತಪುರದ ಉಳ್ಳೂರಿನಲ್ಲಿ ಮನೆ. ಈಗ ಕೋಟ್ಟಯಂ ದಾರಿಯಾಗಿ ರೈಲು ಉಂಟು."

"ಭಾನುವಾರ ಹೋಗ್ತೀನಿ. ಅವರಿಗೆ ನಾನು ಒಪ್ಪಿಗೆಯಾಗದಿದ್ರೆ?"

"ಆಗಲೂ ವಾಪಸ್ ಬನ್ನಿ," ಎಂದಳು ಸೌದಾಮಿನಿ. "ನಾನು ಎರ್ನಾಕುಳಂ ಸ್ಟೇಷನ್ನಿನಲ್ಲಿ ನಿಂತಿರ್ತೇನೆ."