ಗಿರಣಿಯ ಮುಂದೆ ಎತ್ತಿದ ಬಡಿಗೆ

ಪರದೆಯ ಮೇಲೆ ನೀಲವ್ವ ಬಡಿಗೆ ಎತ್ತಿಕೊಂಡು ಬರುತ್ತಿದ್ದಳು. ಹಿಟ್ಟಿನ ಗಿರಣಿಯ ಬಾಗಿಲಿಗಿಂತ ಎತ್ತರವಾಗಿ ಕಾಣುತ್ತಿದ್ದಳು. ತೆಳ್ಳನೆಯ ಟೊಪ್ಪಿಗೆ ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದ ಅವಳ ಗಂಡ ಗುರುಪಾದ, "ಕಂಡ್ರಿಲ್ರೀ ಮೇಡಂ? ನಾ ಅಂದದ್ದ ಖರೆ ಆತು," ಎಂದ. ಹೆಂಡತಿಯ ಕೊಲೆಗೆ ಯತ್ನಿಸಿ ಜೈಲು ಸೇರಿದವನು, ಆಗಲೇ ಬಿಡುಗಡೆಯಾದವನಂತೆ ನಕ್ಕ.

೨೦೫೮ರ ಆ ದಿನಗಳಲ್ಲಿ ಈ ಸ್ಮೃತಿದರ್ಶಕ ಯಂತ್ರ ಇನ್ನೂ ಹೊಸದು. ಡಾ. ಸುಗಂಧಾ ಕಟಗೇರಿ ಇದನ್ನು ಕಟ್ಟಿದ್ದು ಸುಳ್ಳು ಹಿಡಿಯುವುದಕ್ಕಲ್ಲ. ಏನನ್ನಾದರೂ ನೆನೆದಾಗ ಮಿದುಳಿನಲ್ಲಿ ನೋಟಕ್ಕೆ ಸಂಬಂಧಿಸಿದ ಭಾಗ ಮತ್ತೆ ಮಿಡಿಯುತ್ತದೆ. ಟೊಪ್ಪಿಗೆ ಆ ಮಿಡಿತವನ್ನು ಹಿಡಿದು ಚಿತ್ರವಾಗಿಸುತ್ತದೆ. ಕಾಣುವುದು ನೆನಪೇ ಹೊರತು ನಡೆದ ಸಂಗತಿಯಲ್ಲ. ಜೈಲಿನ ಬಿಡುಗಡೆ ಸಮಿತಿಗೆ ಇದನ್ನು ಹೇಳಿ ಹೇಳಿ ಸುಗಂಧಾರ ಗಂಟಲು ಒಣಗಿತ್ತು.

ನಡೆದದ್ದು ಬೇರೆಯೇ. ಗಿರಣಿಯ ಕ್ಯಾಮೆರಾದಲ್ಲಿ ನೀಲವ್ವನ ಎರಡೂ ಕೈಗಳು ತಲೆಯ ಮೇಲಿದ್ದ ಜೋಳದ ಹಿಟ್ಟಿನ ಡಬ್ಬಿಯನ್ನು ಹಿಡಿದಿದ್ದವು. ಬಡಿಗೆ ಇದ್ದದ್ದು ಗುರುಪಾದನ ಕೈಯಲ್ಲಿ. ಅವನ ನೆನಪಿನಲ್ಲಿ ಆ ಕೈಯೇ ಇರಲಿಲ್ಲ. ಸುಗಂಧಾ ಪರೀಕ್ಷಿಸಿದ ಬಹುತೇಕ ಕೈದಿಗಳದ್ದೂ ಇದೇ ಕತೆ: ಹೊಡೆಸಿಕೊಂಡವರು ದೊಡ್ಡವರಾಗುತ್ತಾರೆ, ಹೊಡೆದ ಕೈ ಮಾಯವಾಗುತ್ತದೆ. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಸುಲಭ. ಈ ಮಹರಾಯನಿಗೆ ತಾನು ಮಾಡಿದ್ದೇ ಗೊತ್ತಿಲ್ಲವಲ್ಲ.

ಬಿಡುಗಡೆಗೆ ಅರ್ಜಿ ಹಾಕಿದ್ದ ಅವನು ಮನೆಗೆ ಮರಳಬೇಕಾದರೆ ನೀಲವ್ವ ಒಪ್ಪಬೇಕಿತ್ತು. ಮಡಚಲು ಬಾರದ ಎಡಗೈಗೆ ಸೆರಗು ಹೊದಿಸಿಕೊಂಡು ಬಂದಿದ್ದ ಅವಳು ಒಪ್ಪಿಗೆ ಎಂದಳು. ತನ್ನದೂ ತಪ್ಪಿತ್ತಂತೆ. ಆ ಮಾತು ಕೇಳಿ ಸುಗಂಧಾಗೆ ಕಸಿವಿಸಿಯಾಯಿತು. ಅವಳನ್ನು ಕೇಳಿಕೊಂಡು ಅವಳಿಗೂ ಟೊಪ್ಪಿಗೆ ತೊಡಿಸಿದರು.

ಅದೇ ಗಿರಣಿ, ಅದೇ ಬಿಸಿಲು. ಬಡಿಗೆ ನೀಲವ್ವನ ಕೈಯಲ್ಲೇ ಇತ್ತು.

ಸುಗಂಧಾ ಗಿರಣಿಯ ಕ್ಯಾಮೆರಾದ ಚಿತ್ರ ಹಾಕಿದರು. ಕೋರ್ಟಿನಲ್ಲಿ ಅದನ್ನು ತೋರಿಸಿದಾಗ ನೀಲವ್ವ ಆಸ್ಪತ್ರೆಯಲ್ಲಿದ್ದಳು. ಈಗ ನೋಡಿದಳು, ಇನ್ನೊಮ್ಮೆ ಹಾಕಿಸಿ ನೋಡಿದಳು.

"ನಾ ಜೈಲಿಗೆ ಭೇಟಿಗೆ ಬಂದಾಗೆಲ್ಲ ಅವ್ರು, ನೀ ಬಡಿಗಿ ಎತ್ತಿದ್ದಕ್ಕ ನಾ ಹೊಡದೆ ಅಂತಿದ್ರು. ಮನ್ಯಾಗ ಅತ್ತೀನೂ ಅದನ್ನ ಅಂತಿದ್ಲು. ಕೇಳಿ ಕೇಳಿ ನನ್ನ ಕೈಯಾಗ ಬಡಿಗಿ ಬಂತ ನೋಡ್ರಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಅವ್ರನ್ನ ನನ್ನ ಮನೀಗೆ ಕಳಸಬ್ಯಾಡ್ರಿ," ಎಂದು ಎದ್ದುಹೋದಳು. ವಿಷಯ ತಿಳಿದ ಗುರುಪಾದ ಗಿರಣಿಯ ಕ್ಯಾಮೆರಾನೇ ಕೆಟ್ಟಿರಬೇಕು ಎಂದ. ಪಾಪ, ಅದನ್ನೂ ಮನಸಾರೆ ನಂಬಿಯೇ ಹೇಳಿದ.

ಸಮಿತಿ ಅವನ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಸುಗಂಧಾರನ್ನು ಕಾಡಿದ್ದು ಗುರುಪಾದನ ನೆನಪಲ್ಲ, ನೀಲವ್ವನದು. ಅದನ್ನು ತಿರುಚುವುದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ನೀನು ಹಾಗೆ ಮಾಡಿದ್ದಕ್ಕೇ ನಾನು ಹೊಡೆದದ್ದು ಎಂಬ ಮಾತು ಸಾಕಾಗಿತ್ತು. ಆ ಮಾತು ಯಂತ್ರಕ್ಕಿಂತ ಬಹಳ ಹಳೆಯದು. ಇವತ್ತೂ ಯಾವುದೋ ಅಡುಗೆಮನೆಯಲ್ಲಿ ಯಾರೋ ಒಬ್ಬಳು ಅದನ್ನು ಕೇಳುತ್ತ, ಇರಬಹುದೇನೋ ಅಂದುಕೊಳ್ಳುತ್ತಿರುತ್ತಾಳೆ. ಎಲ್ಲರ ಮನೆಯೆದುರೂ ಗಿರಣಿಯ ಕ್ಯಾಮೆರಾ ಇರುವುದಿಲ್ಲ.