ಕುರುಗೋಡಿನಲ್ಲಿ ಕತ್ತರಿಸಿದ ಹಗ್ಗ

"ಹಗ್ಗ ನಾ ಕೊಯ್ದಿಲ್ರಿ ಅಕ್ಕಾರ."

ಬಾಗಿಲಲ್ಲೇ ನಿಂತು ಇಷ್ಟು ಹೇಳಿದ ಮೇಲೆ ಬಂದವನಿಗೆ ತನ್ನ ಹೆಸರು ಹೇಳುವುದು ನೆನಪಾಯಿತು. ಕುರುಗೋಡಿನ ಜಡೆಪ್ಪ. ಎತ್ತರದ ಆಳು, ಕಣ್ಣು ಮಾತ್ರ ಅತ್ತು ಕೆಂಪಾಗಿದ್ದವು.

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ಮೆಡಿಕಲ್ ಶಾಪಿನ ಮೇಲಿನ ಮನೆಯೇ ದಾಕ್ಷಾಯಣಿಯಕ್ಕನದು. ಅವಳು ವಕೀಲಿಕೆ ಬಿಟ್ಟಿದ್ದಳೇ ಹೊರತು ಜನ ಅವಳನ್ನು ಬಿಟ್ಟಿರಲಿಲ್ಲ. ಪೊಲೀಸರಿಗೆ ಹೇಳಲಾಗದ ಕಷ್ಟಗಳೆಲ್ಲ ಆ ಮೆಟ್ಟಿಲು ಹತ್ತುತ್ತಿದ್ದವು. ಅಂಗಡಿಯ ಶಟರ್ ಎಳೆದು ಅವಳ ಹಿಂದೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಹೆಂಡತಿ ಬೈಯುತ್ತಾಳೆ, ಬೈಯಲಿ.

ಬಾವಿಗೋ ಕಲ್ಲುಕ್ವಾರಿಗೋ ಬಿದ್ದವರನ್ನು ಹಗ್ಗ ಕಟ್ಟಿ ಎತ್ತುವ ಸ್ವಯಂಸೇವಕರ ತಂಡವೊಂದು ಕುರುಗೋಡಿನಲ್ಲಿತ್ತು. ಸೇನೆಯಿಂದ ನಿವೃತ್ತರಾದ ಕೊಟ್ಟೂರಪ್ಪನವರು ಅದರ ಗುರುಗಳು. ಹಿಂದಿನ ದಿನ ಬೆಳಿಗ್ಗೆ ಅಭ್ಯಾಸಕ್ಕೆಂದು ಶೆಡ್ಡು ತೆರೆದರೆ, ಮುಖ್ಯ ಹಗ್ಗ ತುಂಡುತುಂಡಾಗಿ ಚೀಲದಲ್ಲಿ ಬಿದ್ದಿತ್ತು. ಅದರ ಮುಂಚಿನ ಸಂಜೆ ಜಡೆಪ್ಪ ಗುರುಗಳ ಜೊತೆ ಜಗಳವಾಡಿ ಎದ್ದು ಹೋಗಿದ್ದ. ಎಲ್ಲರ ಕಣ್ಣು ಅವನ ಮೇಲೆ ಬೀಳಲು ಅಷ್ಟೇ ಸಾಕಾಯಿತು.

"ಜಗಳ ಯಾಕ ಬಂತು?" ಎಂದಳು ಅಕ್ಕ.

"ನಾಳಿ ಅಭ್ಯಾಸಕ್ಕ ನೀನ ಗಾಯಾಳು, ನೀನ ಹಗ್ಗದ ಮ್ಯಾಲೆ ಇಳಿ ಅಂದ್ರು. ಯಾವಾಗ್ಲೂ ನಾನ ಗಾಯಾಳು ಆಗ್ಬೇಕೇನ್ರಿ? ಸಿಟ್ಟು ಬಂತು, ಅವ್ರು ಹಗ್ಗ ನೋಡಾಕ ಹೊರಗ ತಗಿಯೋ ಮೊದ್ಲ ಎದ್ದು ಹೋಗಿಬಿಟ್ಟೆ." ಅವನು ಮೂಗು ಒರೆಸಿಕೊಂಡ. "ಇವತ್ತು ಸಂಜಿಗೆ ನನ್ನ ತಂಡದಿಂದ ತಗೀತಾರ. ನಮ್ಮವ್ವ ಬಾವ್ಯಾಗ ಬಿದ್ದಾಗ ಮ್ಯಾಲೆ ತಂದವ್ರು ಗುರುಗಳ. ಅವ್ರ ಹಗ್ಗ ನಾ ಕೊಯ್ತೀನೇನ್ರಿ?"

ಅಕ್ಕ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಕುರುಗೋಡಿನ ಬೆಟ್ಟದ ಬುಡದಲ್ಲಿ ಕೊಟ್ರಮ್ಮನ ಚಹಾದಂಗಡಿ, ಪಕ್ಕದಲ್ಲೇ ತಂಡದ ಶೆಡ್ಡು. ಶೆಡ್ಡಿನ ಕೀಲಿ ತೂಗುತ್ತಿದ್ದುದು ಅಂಗಡಿಯ ಮೊಳೆಗೆ. ತಂಡದ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಕೊಟ್ರಮ್ಮ ಸ್ಟೀಲ್ ಲೋಟದಲ್ಲಿ ಕುದಿಯುವ ಚಹಾ ಕೊಟ್ಟಳು. ನಾನು ಕರವಸ್ತ್ರದಲ್ಲಿ ಹಿಡಿದರೂ ಬೆರಳು ಸುಟ್ಟು ಗೊಣಗಿದೆ. ಸಕ್ಕರೆ ಹಾಕದ ಅಷ್ಟೇ ಬಿಸಿ ಚಹಾ ಬೇರೆ ಪಾತ್ರೆಯಿಂದ ಬಂದದ್ದು ಕೊಟ್ಟೂರಪ್ಪನವರಿಗೆ. ಅವರು ಲೋಟವನ್ನು ಬರಿಗೈಯಲ್ಲಿ ಇಡಿಯಾಗಿ ಹಿಡಿದು ನಿಧಾನಕ್ಕೆ ಕುಡಿದರು.

"ಆ ಹಗ್ಗ ಚಲೋ ಇತ್ರಿ," ಎಂದರು ಅವರು. "ಅಭ್ಯಾಸದ ಹಿಂದಿನ ಸಂಜಿ ನಾನ ಪೂರ್ತಿ ಹಗ್ಗ ಬೆರಳಾಗ ಎಳದು ನೋಡೀನಿ. ಆಮ್ಯಾಲೆ ನಮ್ಮ ತಂಡದ ಅಂಜನಾ ಸುರುಳಿ ಸುತ್ತಿದ್ಲು. ಚಲೋ ಹಗ್ಗ ಕೊಯ್ಯೋ ಮನಸ್ಸಾದ್ರೂ ಹೆಂಗ ಬಂತು?"

ಆಚೆ ತಂಡ ಬದಲಿ ಹಗ್ಗದಲ್ಲಿ ಅಭ್ಯಾಸಕ್ಕೆ ಇಳಿದಿತ್ತು. ತಾನು ಕಟ್ಟಿದ ಗಂಟನ್ನು ತಾನೇ ಒಪ್ಪಬಾರದು, ಇನ್ನೊಬ್ಬರು ನೋಡಿ "ಸರಿ ಐತಿ" ಎನ್ನಬೇಕು. ಅದು ಅಲ್ಲಿಯ ಕಟ್ಟುನಿಟ್ಟು. ಅಂಜನಾಳ ಗಂಟನ್ನು ಸಿರುಗುಪ್ಪದ ಕಡೆಯ ಕರೂರಿನ ಮೈಲಾರಪ್ಪ ನೋಡಿದ, ಅವನದನ್ನು ಅವಳು ನೋಡಿದಳು. ಚಹಾ ಮುಗಿಸಿ ಬಂದ ಗುರುಗಳು ತಮ್ಮದನ್ನು ತಾವೇ ಬಿಗಿದುಕೊಂಡು ಬಂಡೆ ಇಳಿದರು.

"ಗುರುಗಳ ಗಂಟು ಯಾರು ನೋಡ್ತಾರ?" ಅಕ್ಕ ಕೇಳಿದಳು.

ಅಂಜನಾ ನಗಲು ಹೋದಳು, ಆಗಲಿಲ್ಲ. "ಅವ್ರದ್ ಯಾರು ನೋಡ್ತಾರ್ರಿ."

ಶೆಡ್ಡಿನೊಳಗೆ ಅಕ್ಕ ಹಗ್ಗದ ತುಂಡುಗಳನ್ನು ಹರವಿದಳು. ಪ್ರತಿ ತುದಿಗೂ ಟೇಪು ಸುತ್ತಿತ್ತು. ಟೇಪಿನ ನಡುವೆಯೇ ಕೊಯ್ದಿದ್ದರಿಂದ ಎಳೆ ಬಿಚ್ಚಿರಲಿಲ್ಲ. ಚೀಲದ ಹೊಲಿಗೆಯಲ್ಲಿ ಒಣಗಿದ ಕಪ್ಪು ಕೆಸರಿತ್ತು. ತುಂಡುಗಳನ್ನು ಒಂದೊಂದಾಗಿ ಬಾಗಿಸಿದಳು. ಎಲ್ಲವೂ ದುಂಡಗೆ ಬಾಗಿದವು, ಒಂದು ಮಾತ್ರ ನಡುವೆ ಚಪ್ಪಟೆಯಾಗಿ ಮಡಚಿಕೊಂಡಿತು. ನಾನೂ ಮುಟ್ಟಿ ನೋಡಿದೆ. ಹೊರಗಿನ ಹೊದಿಕೆ ಚೆನ್ನಾಗಿತ್ತು, ಒಳಗಿನ ತಿರುಳು ಹರಿದು ಮೆತ್ತಗಾಗಿತ್ತು.

ಸಂಜೆ ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿದಳು. ಜಡೆಪ್ಪ ಬಾಗಿಲ ಹತ್ತಿರ ತಲೆ ತಗ್ಗಿಸಿಕೊಂಡು ಕುಳಿತ.

"ಸಿಟ್ಟಿಗೆ ಕೊಯ್ಯೋರು ಟೇಪು ಸುತ್ತಿ ಕೊಯ್ಯಂಗಿಲ್ಲ," ಎಂದು ಅಕ್ಕ ಶುರು ಮಾಡಿದಳು. "ಕೆಟ್ಟ ಹಗ್ಗ ಕಂಡ್ರ ಏನ್ ಮಾಡ್ಬೇಕಂತ ಕಲ್ಸೀರಿ, ಗುರುಗಳ?"

"ಅಪ್ಪಿತಪ್ಪಿ ಯಾರೂ ಬಳಸಬಾರ್ದಂತ ತುಂಡು ಮಾಡ್ಬೇಕು. ಆದ್ರ ಇದು ಕೆಟ್ಟಿರ್ಲಿಲ್ಲ."

"ಕೆಟ್ಟಿತ್ತು. ಚೀಲದಾಗ ಗದ್ದಿ ಕೆಸರೈತಿ. ಕುರುಗೋಡಿನ ಬಂಡೆ ಮ್ಯಾಲೆ ಆ ಕೆಸರು ಎಲ್ಲಿಂದ ಬರಬೇಕು? ಭತ್ತದ ಗದ್ದಿ ಇರೋದು ಸಿರುಗುಪ್ಪದ ಕಡಿ."

ಮೈಲಾರಪ್ಪ ಎದ್ದು ನಿಂತ. "ನಮ್ಮ ಗದ್ದ್ಯಾಗ ಟ್ರ್ಯಾಕ್ಟರ್ ಸಿಕ್ಕೊಂಡಿತ್ರಿ. ಇದರ್ಲೇ ಎಳಸ್ದೆ. ತೊಳದು ಇಟ್ಟೆ, ಮ್ಯಾಲೆ ಏನೂ ಆಗಿರ್ಲಿಲ್ಲ. ಒಳಗ ಹರದೈತಂತ ಗೊತ್ತಾಗ್ಲಿಲ್ರಿ."

"ನಿನಗ ಗೊತ್ತಿಲ್ಲ, ಅಂದ್ರ ಕೊಯ್ದವ ನೀನಲ್ಲ. ಜಡೆಪ್ಪ ಹಗ್ಗ ತಗಿಯೋ ಮೊದ್ಲ ಹೋಗಿದ್ದ. ಆ ಸಂಜಿ ಗುರುಗಳ ಕೈಯಿಂದ ಹಗ್ಗ ಹೋಗಿದ್ದು ಒಬ್ಬರ ಕೈಗೆ."

ಅಂಜನಾ ಮುಖ ಮುಚ್ಚಿಕೊಂಡಳು. "ಸುತ್ತುವಾಗ ಒಂದ್ ಕಡಿ ಮೆತ್ತಗ ಹತ್ತಿತು, ಗುರುಗಳಿಗೆ ಇನ್ನೊಮ್ಮಿ ನೋಡ್ರಿ ಅಂದೆ. ಅವ್ರು ಅದ ಜಾಗ ಎಳದು ಚಲೋ ಐತಿ ಅಂದ್ರು. ಬೆಳಿಗ್ಗಿ ಜಡೆಪ್ಪಣ್ಣ ಅದರ ಮ್ಯಾಲೆ ಇಳಿಯೋನಿದ್ದ. ಎಲ್ರು ಹೋದ್ಮ್ಯಾಲೆ ಕೊಯ್ದೆ. ತಪ್ಪು ಅಣ್ಣನ ಮ್ಯಾಲೆ ಬಂದಾಗ ಹೇಳ್ಬೇಕಂತ ಬಾಯಿ ತಗದೆ. ಹೇಳಿದ್ರ..." ಮುಖದಿಂದ ಕೈ ತೆಗೆದು ಗುರುಗಳ ಬೆರಳುಗಳತ್ತ ನೋಡಿದಳು.

ಆಗ ನನಗೆ ಗುರುಗಳು ಬರಿಗೈಯಲ್ಲಿ ಹಿಡಿದಿದ್ದ ಚಹಾದ ಲೋಟ ನೆನಪಾಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯುವ ಎಷ್ಟೋ ಜನ ಬೆರಳು ಜೋಮು ಹಿಡಿದಿದೆ ಎಂದು ನನ್ನ ಅಂಗಡಿಯಲ್ಲೇ ಹೇಳುತ್ತಾರೆ. ಇಷ್ಟು ವರ್ಷ ಮಾತ್ರೆ ಮಾರಿದವನಿಗೆ ಅದು ಹೊಳೆದಿರಲಿಲ್ಲ. ಅಕ್ಕ ಲೋಟ ನೋಡಿದಾಗಲೇ ತಿಳಿದುಕೊಂಡಿದ್ದಳು, ಆದರೂ ಅಲ್ಲಿ ಬಾಯಿ ಬಿಡಲಿಲ್ಲ. ಚಪ್ಪಟೆಯಾಗಿ ಮಡಚಿದ್ದ ಆ ತುಂಡನ್ನು ಮಾತ್ರ ಮೆಲ್ಲಗೆ ಗುರುಗಳ ಮುಂದಿಟ್ಟಳು.

ಕೊಟ್ಟೂರಪ್ಪನವರು ಕಣ್ಣು ಮುಚ್ಚಿ ಅದನ್ನು ಬೆರಳ ನಡುವೆ ಎಳೆದರು. ಮತ್ತೊಮ್ಮೆ ಎಳೆದರು. ಕೈ ಆ ಜಾಗ ದಾಟಿಯೇ ಹೋಯಿತು. ಕಣ್ಣು ತೆರೆದು ಹಗ್ಗ ಬಾಗಿಸಿದರು. ಅದು ಚಪ್ಪಟೆಯಾಗಿ ಮಡಚಿತು. ನಮ್ಮಲ್ಲಿ ಯಾರಿಗೂ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

"ಮೂರ್ನಾಲ್ಕು ತಿಂಗ್ಳಾತು, ಬೆರಳು ನನ್ನವಲ್ಲ ಅನಸ್ತಿತ್ತು," ಎಂದರು. "ಹೇಳಿದ್ರ ನೀವೆಲ್ಲ ಮನ್ಯಾಗ ಕೂಡ್ರಿ ಅಂತೀರಂತ ಅಂಜಿದೆ. ಇನ್ಮ್ಯಾಲೆ ಹಗ್ಗ ನೋಡಾಕಿ ಅಂಜನಾ."

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಬರಲೇಬೇಕೆಂದು ನಮಗೂ ಹೇಳಿಕಳಿಸಿದ್ದರು. ನಾವು ಹೋದಾಗ ಗುರುಗಳು ಗಂಟು ಬಿಗಿದುಕೊಂಡು ಬಂಡೆಯ ಅಂಚಿಗೆ ನಡೆದಿದ್ದರು. ಇಳಿಯಲಿಲ್ಲ. ತಿರುಗಿ ಜಡೆಪ್ಪನ ಮುಂದೆ ಬಂದು ಎದೆಯೊಡ್ಡಿ ನಿಂತರು.

"ಇವತ್ತು ಗಾಯಾಳು ನಾನು. ನನ್ನ ಗಂಟು ನೋಡಲೇ, ಜಡೆಪ್ಪ."

ಜಡೆಪ್ಪ ಗಂಟಿನ ಒಂದೊಂದು ಸುತ್ತನ್ನೂ ಮುಟ್ಟಿ ನೋಡಿದ. ಒಂದು ಸುತ್ತು ಸಡಿಲವಿತ್ತು. ಅದನ್ನು ಎಳೆದು ಬಿಗಿ ಮಾಡಿದ.

"ಸರಿ ಐತ್ರಿ," ಎಂದ.